ದೊಡ್ಡಮ್ಮನನ್ನು ಎಳೆಯುವ ಗಾಡಿ

ಫೆಬ್ರವರಿ 6

ತಮ್ಮನಿಗೆ,

ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿಯೇ ಇರಬೇಕು, ಇಲ್ಲದಿದ್ದರೆ ಇಷ್ಟರಲ್ಲಿ ಅಕ್ಕನ ನೆನಪಾಗಿರುತ್ತಿತ್ತು. ಫೋನು ಬಿಟ್ಟು ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಮ್ಮಿಬ್ಬರ ಮಾತು ನೆಟ್ಟಗೆ ಶುರುವಾಗುವ ಮೊದಲೇ ಜಗಳವಾಗುತ್ತದೆ, ಆಮೇಲೆ ಯಾರು ಏನು ಹೇಳಿದರು ಎಂಬುದಕ್ಕೆ ಇನ್ನೊಂದು ಜಗಳ. ಕಾಗದವಾದರೆ ನಾಳೆ ನೀನು ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವ ಹಾಗಿಲ್ಲ. ಆದ್ದರಿಂದ ನೀನೂ ಬರೆದೇ ಉತ್ತರ ಕೊಡು. ಫೋನು ಮಾಡಿದರೆ ನಾನು ಎತ್ತುವುದಿಲ್ಲ.

ವಿಷಯ ಇಷ್ಟು. ಕೆರೆಯಿಂದ ನಮ್ಮ ಬಾಡಿಗೆ ದೋಣಿಗಳನ್ನು ಮೇಲಕ್ಕೆ ಎಳೆಯುತ್ತಿದ್ದ ಅಪ್ಪನ ಟ್ರ್ಯಾಕ್ಟರ್ ಕೊನೆಗೂ ಕೈಕೊಟ್ಟಿತು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಶೆಡ್ಡಿಗೂ ಕಾಂಪೌಂಡಿಗೂ ನಡುವಿನ ಜಾಗದಲ್ಲಿ ಅಷ್ಟು ದೊಡ್ಡ ಗಾಡಿ ತಿರುಗಿಸುವುದು ಹೊಸಬರಿಗೆ ಆಗುವ ಕೆಲಸವೂ ಅಲ್ಲ. ನಿನ್ನ ಭಾವ ಎಲ್ಲೋ ನೋಡಿಕೊಂಡು ಬಂದು, ಎಟಿವಿ ತೆಗೆದುಕೊಳ್ಳೋಣ ಎನ್ನುತ್ತಿದ್ದಾರೆ. ಬೈಕಿನ ಹಾಗೆ ಹ್ಯಾಂಡಲ್ಲು, ಜೀಪಿನ ಹಾಗೆ ನಾಲ್ಕು ಚಕ್ರ, ಹಿಂದೆ ಟ್ರೇಲರ್ ಸಿಕ್ಕಿಸಲು ಕೊಕ್ಕೆ. ನೀನು ಅವನ್ನೇ ಮಾರುವ ಅಂಗಡಿಯಲ್ಲಿದ್ದೀಯ. ಯಾವುದಕ್ಕೆ ಎಷ್ಟು ಶಕ್ತಿ, ಯಾವುದು ಎಷ್ಟು ಭಾರ ಎಳೆಯುತ್ತದೆ, ಕೊಟ್ಟ ಕಾಸಿಗೆ ಯಾವುದು ಬಾಳುತ್ತದೆ ಎಂದು ಬರೆದು ಕಳಿಸು.

ಅಪ್ಪನ ಮಾತು ನಿನಗೆ ನೆನಪಿರಬೇಕು: "ಮಾರೋನ ಮಾತಲ್ಲಿ ಅರ್ಧ ಕಳಿ, ಉಳಿದಿದ್ದನ್ನ ತೂಗಿ ನೋಡು." ಹಗ್ಗದವನು ಹತ್ತು ವರ್ಷ ಬರುತ್ತದೆ ಎಂದರೆ ಅಪ್ಪ ಐದನೇ ವರ್ಷಕ್ಕೆ ಬದಲಾಯಿಸುತ್ತಿದ್ದರು. ಬಣ್ಣದವನು ಎರಡು ಕೋಟು ಸಾಕೆಂದರೆ ನಾಲ್ಕು ಬಳಿಸುತ್ತಿದ್ದರು. ನೀನು ಮಾರುವವನಾದ ದಿನದಿಂದ ನಿನ್ನ ಮಾತಿಗೂ ನಾನು ಅದೇ ಲೆಕ್ಕ ಹಾಕುತ್ತೇನೆ. ಬೇಸರ ಮಾಡಿಕೊಳ್ಳಬೇಡ, ಮನೆಯ ಪದ್ಧತಿ.

ಇಂತಿ,
ನಿನ್ನ ಅಕ್ಕ

ಫೆಬ್ರವರಿ 15

ಅಕ್ಕನಿಗೆ,

ನಿನ್ನ ಕಾಗದ ಬಂತು. ಬೇಸರವಿಲ್ಲ. ಅಂಗಡಿಗೆ ಬರುವ ಅಪರಿಚಿತರು ನನ್ನ ಮಾತನ್ನು ಪೂರ್ತಿ ನಂಬುತ್ತಾರೆ, ಒಡಹುಟ್ಟಿದವಳು ಅರ್ಧ. ಅರ್ಧವಾದರೂ ಇದೆಯಲ್ಲ ಎಂದು ಸಮಾಧಾನ.

ನಿಮ್ಮ ಕೆಲಸಕ್ಕೆ ನೋಡಬೇಕಾದವು ಮೂರೇ. ಎಲ್ಲಕ್ಕಿಂತ ದೊಡ್ಡದು ಸಾವಿರ ಸಿ.ಸಿ.ಯದು. ಗುಂಡಿ ಒತ್ತಿದರೆ ನೆಗೆಯುತ್ತದೆ, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ, ಬೆಲೆಯೂ ಹಾಗೇ. ಕೊಳ್ಳುವವರೆಲ್ಲ ಮೊದಲು ಅದರ ಮೇಲೆಯೇ ಹತ್ತಿ ಕೂರುತ್ತಾರೆ. ಆದರೆ ಅಕ್ಕ, ಎಂಜಿನ್ನಿನ ಶಕ್ತಿ ಬೇರೆ, ಎಳೆಯುವ ತಾಕತ್ತು ಬೇರೆ. ಚಕ್ರ ನೆಲ ಹಿಡಿಯದಿದ್ದರೆ ಎಂಜಿನ್ ಎಷ್ಟು ದೊಡ್ಡದಿದ್ದರೂ ನಿಂತಲ್ಲೇ ಮಣ್ಣು ಎರಚುತ್ತದೆ. ಎರಡನೆಯದು ಐನೂರು ಚಿಲ್ಲರೆ ಸಿ.ಸಿ.ಯದು. ಓಡುವುದು ನಿಧಾನ, ಆದರೆ ಮೈಭಾರವಿದೆ, ನಾಲ್ಕೂ ಚಕ್ರಕ್ಕೆ ಎಳೆತವಿದೆ, ಭಾರ ಎಳೆಯಲೆಂದೇ ಬೇರೆ ಗೇರಿದೆ, ಇಳಿಯುವಾಗ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಮೂರನೆಯದು ಅಗ್ಗ. ನೋಡಲು ಬಲು ಚೆಂದ, ಮೈತುಂಬ ದೀಪ. ಎರಡು ಕಂಪನಿಯವರು ಎರಡು ಹೆಸರಿನಲ್ಲಿ ಮಾರುತ್ತಾರೆ, ಬಿಚ್ಚಿ ನೋಡಿದರೆ ಅಳಿಯ ಅಲ್ಲ, ಮಗಳ ಗಂಡ. ವರ್ಷ ಕಳೆಯುವುದರಲ್ಲಿ ಬೇರಿಂಗು ಬದಲಾಯಿಸಲು ನಮ್ಮಲ್ಲಿಗೇ ಬರುತ್ತವೆ.

ನನ್ನ ಮನಸ್ಸು ಎರಡನೆಯದರ ಮೇಲಿದೆ. ಆದರೆ ಖಚಿತವಾಗಿ ಹೇಳಬೇಕಾದರೆ ಎರಡು ವಿಷಯ ಬೇಕು. ನಾನು ಬಂದುಹೋದ ಮೇಲೆ ನೀವು ನೀರಿಗಿಳಿಯುವ ಇಳಿಜಾರಿಗೆ ಹೊಸದಾಗಿ ಕಾಂಕ್ರೀಟು ಹಾಕಿಸಿದಿರಂತೆ. ಅದು ಎಷ್ಟು ಕಡಿದಾಗಿದೆ? ಇನ್ನೊಂದು, ಅಪ್ಪ ಕಟ್ಟಿದ ಮರದ ದೋಣಿ, ನಮ್ಮ ದೊಡ್ಡಮ್ಮ, ಇನ್ನೂ ನೀರಿನಲ್ಲಿದ್ದಾಳೆಯೇ ಅಥವಾ ಶೆಡ್ಡು ಸೇರಿದ್ದಾಳೆಯೇ? ಭಾವನನ್ನು ಕೇಳಿದೆನೆಂದು ಹೇಳು.

ಅರ್ಧ ನಂಬಿಕೆಯ,
ತಮ್ಮ

ಫೆಬ್ರವರಿ 21

ತಮ್ಮನಿಗೆ,

ಗಾಡಿ ಕೇಳಿದರೆ ನೀನು ಜಾಗದ ಅಳತೆ ಕೇಳುತ್ತೀಯ. ಇಳಿಜಾರು ಎಷ್ಟಿದೆ, ದೊಡ್ಡಮ್ಮ ಎಲ್ಲಿದ್ದಾಳೆ, ಇನ್ನು ಕಾಂಪೌಂಡು ಎಷ್ಟುದ್ದ, ಬಾವಿ ಎಷ್ಟು ಆಳ ಎಂದೂ ಕೇಳುವುದಿತ್ತು. ಅಪ್ಪ ತೀರಿಕೊಂಡ ವರ್ಷ ನೀನೇ ಅಲ್ಲವೇ ಈ ದೋಣಿಕಟ್ಟೆಯನ್ನು ಮಾರಿಬಿಡೋಣ ಎಂದವನು? ಕೆರೆಯ ದಡದಲ್ಲಿ ಹೋಟೆಲು ಕಟ್ಟುವವರು ಸಾಲುಗಟ್ಟಿ ನಿಂತಿದ್ದಾರೆ ಎಂದೂ ನೀನೇ ಹೇಳಿದ್ದೆ. ಅವರಲ್ಲಿ ಯಾರಿಗೆ ಬೇಕಾಗಿದೆ ಇಳಿಜಾರಿನ ಲೆಕ್ಕ? ದೊಡ್ಡಮ್ಮ ಎಲ್ಲಿದ್ದರೆ ನಿನಗೇನು?

ಕೊಳ್ಳುವವನು ತನಗೆ ಬೇಕಾದ್ದನ್ನೆಲ್ಲ ಬಾಯಿಬಿಟ್ಟು ಹೇಳಬಾರದು ಎಂಬುದೂ ಅಪ್ಪನ ಮಾತೇ. ಅದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ.

ನಿನ್ನ ಮೂರು ಗಾಡಿಗಳಿಗೂ ಹೆಸರಿಟ್ಟಿದ್ದೇನೆ. ದೊಡ್ಡದು ಪೈಲ್ವಾನ. ದೀಪದ್ದು ಅಳಿಯ, ಮನೆಗೆ ಬಂದ ಮೇಲೆ ತಾನೇನೂ ಮಾಡುವುದಿಲ್ಲ, ಅವನಿಗೇ ನಾವು ಮಾಡಬೇಕು. ನಡುವಿನದು ಗುಮಾಸ್ತ. ನೀನು ಗುಮಾಸ್ತನನ್ನೇ ಇಷ್ಟು ಹೊಗಳುವುದು ಯಾಕೆ ಎಂದು ನಿನ್ನ ಭಾವನನ್ನು ಕೇಳಿದೆ. ನಿಮ್ಮ ಅಂಗಡಿಗೆ ಲಾಭ ಬರುವುದು ಪೈಲ್ವಾನನಿಂದಲ್ಲವೇ? ಹಾಗಾದರೆ ಗುಮಾಸ್ತ ಮಾರಾಟವಾಗದೆ ಮೂಲೆಯಲ್ಲಿ ಕೂತಿರಬೇಕು. ನಿನ್ನ ಭಾವ ನಕ್ಕು, ಒಳ್ಳೆಯದು ಹೇಳಿದರೂ ಕಷ್ಟವೇ ನಿನಗೆ ಎಂದು ಎದ್ದುಹೋದರು. ಅವರು ಯಾರನ್ನಾದರೂ ನಂಬುವವರು.

ನನಗೆ ಸಂಖ್ಯೆ ಒಂದು ಸಾಕು. ಗುಮಾಸ್ತ ಎಷ್ಟು ಕಿಲೋ ಎಳೆಯುತ್ತಾನೆ? ಅಷ್ಟು ಬರಿ.

ಇಂತಿ,
ಅಕ್ಕ

ಮಾರ್ಚ್ 2

ಅಕ್ಕನಿಗೆ,

ಮಾರಿಬಿಡೋಣ ಎಂದದ್ದು ಹೌದು, ಅಂದು ದುಃಖದಲ್ಲಿ ಅಂದದ್ದು. ನೀನು ಬೇಡ ಎಂದ ಮೇಲೆ ಆ ಮಾತು ಎತ್ತಿದ್ದೇನೆಯೇ? ನಾನು ಇಳಿಜಾರು ಕೇಳಿದ್ದು ಗಾಡಿಗಾಗಿ. ನೀನು ಹೇಳುವುದಿಲ್ಲ, ಆಯಿತು. ದೊಡ್ಡಮ್ಮನ ಮಾತೆತ್ತಿದರೂ ಸಿಟ್ಟು. ಹಾಗಾಗಿ ಅವಳು ಶೆಡ್ಡಿನಲ್ಲಿದ್ದಾಳೆ ಎಂದುಕೊಂಡು ಬಾಡಿಗೆ ದೋಣಿಗಳಿಗೆ ಮಾತ್ರ ಲೆಕ್ಕ ಹಾಕಿದ್ದೇನೆ.

ಗುಮಾಸ್ತನೇ ನಿಮಗೆ ಸರಿ. ಪೈಲ್ವಾನನ ಬೆಲೆಗೆ ಇಂಥವು ಎರಡು ಬರುತ್ತವೆ. ನನಗೆ ಇದರಲ್ಲಿ ಗಿಟ್ಟುವುದು ಏನೂ ಇಲ್ಲ, ನಂಬುವುದಾದರೆ ನಂಬು.

ಎಳೆಯುವ ಭಾರ: ಸಾವಿರದ ಇನ್ನೂರು ಕಿಲೋ. ನೀನು ಅರ್ಧ ಕಳೆಯುತ್ತೀಯ ಎಂದು ಗೊತ್ತು. ಕಳೆ. ಕಳೆದ ಮೇಲೂ ನಿನ್ನ ಬಾಡಿಗೆ ದೋಣಿಗಳಿಗೆ ಸಾಲುತ್ತದೆ.

ಕೊಕ್ಕೆ ಹಾಕಿಸಿ, ಚಕ್ರದ ಗಾಳಿ ಸರಿಮಾಡಿಸಿ ಲಾರಿಗೆ ಹಾಕಿ ಕಳಿಸುತ್ತೇನೆ. ಒದ್ದೆ ನೆಲದಲ್ಲಿ ನಾಲ್ಕು ಚಕ್ರದ ಗುಂಡಿ ಒತ್ತುವುದನ್ನು ಭಾವ ಮರೆಯದಿರಲಿ.

ಇಂತಿ,
ತಮ್ಮ

ಏಪ್ರಿಲ್ 9

ತಮ್ಮನಿಗೆ,

ಗುಮಾಸ್ತ ಬಂದ. ಬಂದ ದಿನವೇ ಸುತ್ತ ನಾಲ್ಕು ಸಲ ತಿರುಗಿ ನೋಡಿದೆ, ಬಗ್ಗಿ ಅಡಿಯಲ್ಲೂ ನೋಡಿದೆ. ಗೀರಿಲ್ಲ, ತುಕ್ಕಿಲ್ಲ. ಬಾಡಿಗೆ ದೋಣಿಗಳನ್ನು ಒಂದೊಂದಾಗಿ ಕಟ್ಟಿ ಎಳೆಸಿದೆವು. ಎಳೆದ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾನೆ, ಪೆಟ್ರೋಲು ಮಿತವಾಗಿ ಕುಡಿಯುತ್ತಾನೆ. ಇಷ್ಟು ದಿನವಾದರೂ ಒಂದು ತಪ್ಪು ಸಿಕ್ಕಿಲ್ಲ, ಅದೇ ನನಗೆ ಅನುಮಾನ.

ಇನ್ನೊಂದು ಸಂಗತಿ. ಹೋದ ವಾರ ನೀಲಿ ಟೋಪಿಯವನೊಬ್ಬ ಅಳತೆಯ ಟೇಪು ಹಿಡಿದುಕೊಂಡು ಬಂದು ನಮ್ಮ ಇಳಿಜಾರಿನ ಮೇಲೆ ಬಗ್ಗಿ ನಿಂತಿದ್ದ. ಯಾರು ನೀನು ಎಂದರೆ ತಡವರಿಸಿದ. ನಾಯಿ ಬಿಟ್ಟೆ. ಟೇಪು ಇಲ್ಲೇ ಬಿಟ್ಟು ಓಡಿದ. ಅವನ ಬಗ್ಗೆ ನಿನಗೇನಾದರೂ ಗೊತ್ತೇ ಎಂದು ಕೇಳುತ್ತಿಲ್ಲ, ಸುಮ್ಮನೆ ಹೇಳುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೋಡಿಕೊಳ್ಳಲಿ.

ಈಗ ಮುಖ್ಯ ಮಾತು. ದೊಡ್ಡಮ್ಮ ನೀರಿನಲ್ಲೇ ಇದ್ದಾಳೆ. ತಳದ ಹಲಗೆ ಬಿರುಕು ಬಿಡುತ್ತಿದೆ, ಈ ಬೇಸಿಗೆಯಲ್ಲಿ ಮೇಲೆ ತಂದು ಕಟ್ಟಿಸದಿದ್ದರೆ ಮುಂದಿನ ವರ್ಷಕ್ಕೆ ಅವಳು ಇರುವುದಿಲ್ಲ. ಟ್ರೇಲರ್ ಸೇರಿ ಸಾವಿರ ಕಿಲೋ. ಮನೆಯ ಪದ್ಧತಿಯಂತೆ ಕಳೆದರೆ ಗುಮಾಸ್ತನಿಂದ ಆಗುವುದಿಲ್ಲ. ಕಳೆಯದಿದ್ದರೆ ಆಗುತ್ತದೆ. ನಾನು ಇದನ್ನೇ ಯೋಚಿಸುತ್ತ ಕೂತಿದ್ದಾಗ ನಿನ್ನ ಭಾವ ಹೇಳಿದರು: "ಒಂದು ಸಲನಾದ್ರೂ ಅವನ ಮಾತನ್ನ ಕತ್ತರಿಸದೆ ತಗೋ. ಅವನು ನಿನ್ನ ತಮ್ಮ ಕಣೇ, ಹಗ್ಗ ಮಾರೋನಲ್ಲ."

ಆ ಮಾತು ನನಗೆ ನಾಟಿತು. ಅಪ್ಪನ ಪದ್ಧತಿಯನ್ನು ನಾನು ಇದುವರೆಗೆ ಮುರಿದವಳಲ್ಲ. ಈ ಸಲ ನಿನ್ನ ಸಾವಿರದ ಇನ್ನೂರನ್ನು ಸಾವಿರದ ಇನ್ನೂರು ಎಂದೇ ಇಟ್ಟುಕೊಳ್ಳಬೇಕೆಂದಿದ್ದೇನೆ.

ನಿನ್ನ ಅಕ್ಕ

ಏಪ್ರಿಲ್ 16

ಅಕ್ಕ,

ದೊಡ್ಡಮ್ಮನನ್ನು ಈಗ ಎಳೆಸಬೇಡ. ಮುಂದಿನ ತಿಂಗಳ ಕೊನೆಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಅವಳನ್ನು ಮುಟ್ಟಬೇಡಿ. ಕಾರಣ ಬಂದು ಹೇಳುತ್ತೇನೆ. ಎಷ್ಟೋ ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಭಾವನದು ಎಂದಿನಂತೆ ಸ್ವಿಚ್ ಆಫ್.

ತಮ್ಮ

ಮೇ 4

ತಮ್ಮನಿಗೆ,

ನಿನ್ನ ಕಾಗದ ಬಂದಾಗ ನಾನು ಅಂದುಕೊಂಡದ್ದನ್ನು ಹೇಳಿಬಿಡುತ್ತೇನೆ. ಕಾರಣ ಹೇಳದೆ ಮುಟ್ಟಬೇಡಿ ಎನ್ನುತ್ತಾನೆ, ಇಷ್ಟು ವರ್ಷ ಬಾರದವನು ಈಗ ಬರುತ್ತೇನೆ ಎನ್ನುತ್ತಾನೆ, ಟೇಪಿನವನು ಆಗಲೇ ಬಂದುಹೋಗಿದ್ದಾನೆ. ಯಾರನ್ನೋ ಕರೆದುಕೊಂಡು ಬರುತ್ತಾನೆ, ಅವರ ಕಣ್ಣಿಗೆ ದೊಡ್ಡಮ್ಮ ನೀರಿನಲ್ಲಿ ಕೊಳೆಯುತ್ತಿರುವಂತೆ ಕಾಣಬೇಕು, ಇವರ ಕೈಲಿ ಏನೂ ಆಗುವುದಿಲ್ಲ ಎಂದು ತೋರಿಸಬೇಕು, ಅದಕ್ಕೇ ಈ ಆಟ. ಹೀಗೆ ಅಂದುಕೊಂಡೆ. ನೀನು ಬರುವ ಮೊದಲೇ ಅವಳನ್ನು ಮೇಲೆ ತಂದು, ಬಣ್ಣ ಬಳಿದು ನಿಲ್ಲಿಸಬೇಕೆಂದು ಹಟ ಹಿಡಿದೆ.

ನಿನ್ನ ಭಾವ ಗಾಡಿಯ ಮೇಲೆ ಕೂತರು. ಟ್ರೇಲರನ್ನು ನೀರಿಗೆ ಬಿಟ್ಟು, ದೊಡ್ಡಮ್ಮನನ್ನು ಅದರ ಮೇಲೆ ಕೂರಿಸಿ ಕಟ್ಟಿದೆವು. ನಾನು ಪಕ್ಕದಲ್ಲಿ ನಿಂತು ದಾರಿ ತೋರಿಸುತ್ತಿದ್ದೆ. ಮೊದಲು ಚೆನ್ನಾಗಿಯೇ ಬಂತು. ಅವಳ ಮೈ ನೀರಿನಿಂದ ಪೂರ್ತಿ ಈಚೆಗೆ ಬಂದದ್ದೇ ತಡ, ಗುಮಾಸ್ತನ ಚಕ್ರಗಳು ಪಾಚಿಯ ಮೇಲೆ ತಿರುಗತೊಡಗಿದವು. ಒಂದು ಗಳಿಗೆ ಎರಡೂ ನಿಂತವು. ಆಮೇಲೆ ಅವಳು ಅವನನ್ನು ಹಿಂದಕ್ಕೆ ಎಳೆದುಕೊಂಡು ಹೋದಳು. ಗಾಡಿ ಅಡ್ಡ ತಿರುಗಿ ಮಗುಚಿತು, ನಿನ್ನ ಭಾವನ ಕಾಲು ಅದಕ್ಕೂ ಟ್ರೇಲರಿಗೂ ನಡುವೆ ಸಿಕ್ಕಿತು. ಅವರು ಕೂಗಲಿಲ್ಲ. ಕೂಗಿದವಳು ನಾನು.

ಕಾಲಿನೊಳಗೆ ಕಬ್ಬಿಣದ ಸರಳು ಹಾಕಿದ್ದಾರೆ. ನಡೆಯುತ್ತಾರೆ, ಆದರೆ ಮೊದಲಿನ ಹಾಗೆ ಅಲ್ಲ ಎಂದರು ಡಾಕ್ಟರು. ದೊಡ್ಡಮ್ಮ ನೀರಿನಲ್ಲಿದ್ದಾಳೆ, ದಿನವೂ ಒಳಗಿನ ನೀರು ಎತ್ತಿ ಚೆಲ್ಲಬೇಕು.

ಗಾಡಿಯನ್ನು ಕೆರೆಯಿಂದ ಎತ್ತಲು ಬಂದ ಕ್ರೇನಿನವನು, ಇಷ್ಟು ಗಾಡಿ ಅಷ್ಟು ದೋಣಿಯನ್ನು ಎಳೆಯುವುದುಂಟೇ ಎಂದ. ನಾನು ಅವನಿಗೆ ಸರಿಯಾಗಿ ಬೈದೆ. "ನನ್ನ ತಮ್ಮ ಹೇಳಿದಾನೆ, ನಿಂಗೇನ್ ಗೊತ್ತು" ಅಂದೆ. ಸಾವಿರದ ಇನ್ನೂರಕ್ಕೆ ಸಾವಿರ ಕಟ್ಟಿದರೆ ತಪ್ಪೆಲ್ಲಿದೆ? ಪಾಚಿಯದು ತಪ್ಪಿರಬೇಕು, ಇಲ್ಲ ನಾನು ದಾರಿ ತೋರಿಸಿದ್ದು ತಪ್ಪಿರಬೇಕು.

ಒಂದು ಮಾತ್ರ ನನ್ನನ್ನು ಕೊರೆಯುತ್ತಿದೆ. ನೀನು ಬರುವವರೆಗೆ ಮುಟ್ಟಬೇಡಿ ಎಂದೆಯಲ್ಲ, ಯಾಕೆ?

ಅಕ್ಕ

ಮೇ 9

ಅಕ್ಕ,

ಗುಮಾಸ್ತ ಎಳೆಯುವುದು ಆರುನೂರು ಕಿಲೋ. ಅದೂ ಸಮತಟ್ಟಾದ ಒಣ ನೆಲದಲ್ಲಿ.

ನಾನು ಆರುನೂರು ಎಂದು ಬರೆದಿದ್ದರೆ ನೀನು ಮುನ್ನೂರು ಎಂದುಕೊಳ್ಳುತ್ತಿದ್ದೆ. ಮುನ್ನೂರಾದರೆ ಬಾಡಿಗೆ ದೋಣಿಗೂ ಸಾಲುವುದೋ ಇಲ್ಲವೋ ಎಂದು ಪೈಲ್ವಾನನ ಬೆನ್ನು ಹತ್ತುತ್ತಿದ್ದೆ. ಆದ್ದರಿಂದ ಎರಡರಷ್ಟು ಬರೆದೆ. ನೀನು ಕಳೆದಾಗ ಸರಿಯಾದ ಸಂಖ್ಯೆಗೇ ಬಂದು ನಿಲ್ಲಲಿ ಎಂದು. ಇದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಈ ಸಲ ಕಳೆಯುವುದಿಲ್ಲ ಎಂದು ನೀನು ಬರೆದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಂಶಯ. ಅಕ್ಕ ಪರೀಕ್ಷೆ ಮಾಡುತ್ತಿದ್ದಾಳೆ, ಈಗ ನಾನು ಆರುನೂರು ಎಂದು ಬಾಯಿಬಿಟ್ಟರೆ ‘ನೋಡಿದೆಯಾ, ಸುಳ್ಳು ಹೇಳಿದ್ದ’ ಎಂದು ಜೀವನವಿಡೀ ಆಡುತ್ತಾಳೆ ಎಂದುಕೊಂಡೆ. ಬಂದು ನಗುತ್ತಾ ಹೇಳಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಕಾರಣ ಬರೆಯದೆ ಬಿಟ್ಟೆ. ಆ ಒಂದು ಸಾಲು ಬರೆದಿದ್ದರೆ ಭಾವನ ಕಾಲು ನೆಟ್ಟಗಿರುತ್ತಿತ್ತು.

ಟೇಪಿನವನು ನಮ್ಮ ಅಂಗಡಿಯ ಮೆಕ್ಯಾನಿಕ್. ನೀನು ಹೇಳದ ಇಳಿಜಾರನ್ನು ಅಳೆದು ಬಾ ಎಂದು ನಾನೇ ಕಳಿಸಿದ್ದೆ. ನನ್ನ ಹೆಸರು ಹೇಳಬೇಡ, ಹೇಳಿದರೆ ಒಳಗೇ ಬಿಡುವುದಿಲ್ಲ ಎಂದೂ ನಾನೇ ಹೇಳಿಕೊಟ್ಟಿದ್ದೆ.

ನಾನು ಬರಲೇ? ಬೇಡ ಎಂದರೂ ಸರಿ, ಒಂದು ಸಾಲು ಬರಿ.

ತಮ್ಮ

ಆಗಸ್ಟ್ 27

ತಮ್ಮನಿಗೆ,

ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದುಹಾಕಿದೆ. ನನ್ನ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆಯೋಣವೆಂದರೆ ದೊಡ್ಡಮ್ಮ ಅಷ್ಟು ದಿನ ಕಾಯುವುದಿಲ್ಲ.

ನಿನ್ನ ಭಾವ ಕೋಲು ಹಿಡಿದು ಗೇಟಿನವರೆಗೆ ಹೋಗಿ ಬರುತ್ತಾರೆ. ನಿನ್ನ ಕಾಗದ ಓದಿ ಹೇಳಿದಾಗ ಅದನ್ನು ಈಸಿಕೊಂಡು ತಾವೇ ಇನ್ನೊಮ್ಮೆ ಓದಿದರು. ಆಮೇಲೆ ನಗು ಬಂತು ಅವರಿಗೆ. "ಅಕ್ಕ ಕಳೀತಾಳೆ ಅಂತ ತಮ್ಮ ಕೂಡಿಸ್ದ, ಇಬ್ರ ಲೆಕ್ಕದಲ್ಲಿ ಮುರಿದದ್ದು ನನ್ ಕಾಲು" ಎಂದರು. ನಗುತ್ತಲೇ ಹೇಳಿದರು, ಆದರೆ ಅಂದು ನಾವಿಬ್ಬರೂ ಊಟ ಮಾಡಲಿಲ್ಲ. ನಂಬು ಎಂದವರು ಅವರು, ಕಾಲು ಮುರಿದುಕೊಂಡವರೂ ಅವರೇ. ನಿನ್ನ ಮೇಲೆ ಅವರಿಗೆ ಕೋಪವಿಲ್ಲವಂತೆ. ನನಗಿದೆ.

ನನ್ನ ಮೇಲೂ ಇದೆ. ಇಳಿಜಾರು ಎಷ್ಟು ಎಂದು ನೀನು ಮೊದಲನೇ ಕಾಗದದಲ್ಲೇ ಕೇಳಿದ್ದೆ. ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನೀಲಿ ಟೋಪಿಯವನು ಬಿಟ್ಟುಹೋದ ಟೇಪಿನಲ್ಲೇ ನಾನೇ ಅಳೆದೆ, ಹಲಗೆ ಇಟ್ಟು, ಮೇಲೆ ರಸಮಟ್ಟ ಇಟ್ಟು. ಹತ್ತು ಅಡಿಗೆ ಎರಡು ಅಡಿ ಏರು. ನೀರಿನ ಅಂಚಿನಲ್ಲಿ ಪಾಚಿ. ಮೇಲೆ ಶೆಡ್ಡಿನ ಮುಂದೆ ಮಟ್ಟಸವಾದ ಜಾಗವಿದೆ, ಅಪ್ಪ ಹೂಳಿಸಿದ ಕಬ್ಬಿಣದ ಕಂಬ ಅಲ್ಲೇ ಇದೆ. ಇದರಲ್ಲಿ ಏನನ್ನೂ ಬಚ್ಚಿಟ್ಟಿಲ್ಲ.

ನೀನು ಬಾ. ಗುಮಾಸ್ತನನ್ನು ರಿಪೇರಿ ಮಾಡಿಸಿದ್ದೇನೆ. ಈ ಸಲ ಅವನ ಮೇಲೆ ನೀನು ಕೂರಬೇಕು. ನಾನು ಇಳಿಜಾರಿನ ಕೆಳಗೆ, ದೊಡ್ಡಮ್ಮನ ಹಿಂದೆ ನೀರಿನಲ್ಲಿ ನಿಂತಿರುತ್ತೇನೆ. ಅದನ್ನು ಕಣ್ಣ ಮುಂದೆ ಇಟ್ಟುಕೊಂಡು, ಈ ಇಳಿಜಾರಿನಲ್ಲಿ ಆ ಗಾಡಿ ಎಷ್ಟು ಕಿಲೋ ಎಳೆಯುತ್ತದೆ ಎಂದು ಬರಿ. ನೀನು ಬರೆದದ್ದರಲ್ಲಿ ಅರ್ಧ ಕಳೆಯುತ್ತೇನೋ, ಹಾಗೇ ಇಟ್ಟುಕೊಳ್ಳುತ್ತೇನೋ, ಅದನ್ನು ಮಾತ್ರ ಹೇಳುವುದಿಲ್ಲ.

ಅಕ್ಕ

ಸೆಪ್ಟೆಂಬರ್ 2

ಅಕ್ಕ,

ಶನಿವಾರ ಬೆಳಗ್ಗೆ ಅಲ್ಲಿರುತ್ತೇನೆ. ನೀಲಿ ಟೋಪಿಯವನೂ ಜೊತೆಗೆ ಬರುತ್ತಾನೆ, ನಾಯಿಯನ್ನು ಕಟ್ಟಿಹಾಕು. ಎರಡು ದಪ್ಪ ರಾಟೆ ತರುತ್ತೇನೆ. ಒಂದನ್ನು ಅಪ್ಪನ ಕಂಬಕ್ಕೆ, ಇನ್ನೊಂದನ್ನು ಟ್ರೇಲರಿಗೆ ಕಟ್ಟಿ ಹಗ್ಗವನ್ನು ಸುತ್ತಿಸಿ ತಂದರೆ ಗುಮಾಸ್ತ ಇಳಿಜಾರಿಗೆ ಇಳಿಯುವುದೇ ಬೇಡ, ಮೇಲಿನ ಮಟ್ಟಸ ಜಾಗದಲ್ಲೇ ಮುಂದಕ್ಕೆ ಹೋಗುತ್ತಾನೆ. ಅವನ ಪಾಲಿಗೆ ಭಾರ ಅರ್ಧವಾಗುತ್ತದೆ, ದೊಡ್ಡಮ್ಮ ನಿಧಾನವಾಗಿ ಬರುತ್ತಾಳೆ. ಹತ್ತು ಹೆಜ್ಜೆಗೊಮ್ಮೆ ಅವಳ ಚಕ್ರಕ್ಕೆ ಮರದ ತುಂಡು ಕೊಡಲು ಒಬ್ಬರು ಬೇಕು, ಪಕ್ಕದಲ್ಲಿ ನಿಂತು. ಭಾವ ಮೇಲೆ ಕುರ್ಚಿ ಹಾಕಿಕೊಂಡು ಕೂತು ನಮ್ಮಿಬ್ಬರನ್ನೂ ಬೈಯಲಿ.

ನೀನು ಸಂಖ್ಯೆ ಕೇಳಿದ್ದೀಯ. ನೇರವಾಗಿ ಕಟ್ಟಿದರೆ ಆ ಏರಿನಲ್ಲಿ, ಆ ಪಾಚಿಯ ಮೇಲೆ ಮುನ್ನೂರು ಎಂದು ಮೊದಲು ಬರೆದಿದ್ದೆ. ಆಮೇಲೆ ನಿನ್ನ ಕಾಗದವನ್ನು ಮತ್ತೆ ಓದಿದೆ. ನೀನು ಎಲ್ಲಿ ನಿಂತಿರುತ್ತೀಯ ಎಂದು ಬರೆದದ್ದನ್ನು ಓದಿ, ಹೊಡೆದುಹಾಕಿದೆ.

ನೀನು ಇಳಿಜಾರಿನ ಕೆಳಗೆ ನಿಂತಿದ್ದರೆ ಆ ಗಾಡಿ ಎಳೆಯುವ ಭಾರ ಸೊನ್ನೆ ಕಿಲೋ. ಬೇಕಾದರೆ ಅರ್ಧ ಕಳೆದುಕೋ.

ನಿನ್ನ ತಮ್ಮ